‘ಮುರುಕು ಸೈಕಲ್ಲಿನಲ್ಲೇ ಚಿನ್ನ’ ಎಂದು ಬರೆಯುವುದನ್ನು ನಾವು ಮೊದಲು ನಿಲ್ಲಿಸಬೇಕು

ಆ ಹೆಡ್ಡಿಂಗ್ ನಿಮಗೂ ಗೊತ್ತು. ‘ಮುರುಕು ಸೈಕಲ್ಲಿನಲ್ಲೇ ಚಿನ್ನ ಗೆದ್ದ ಕೂಲಿಕಾರನ ಮಗಳು’. ಊರು ಬದಲಾಗುತ್ತದೆ, ಪದಕದ ಬಣ್ಣ ಬದಲಾಗುತ್ತದೆ, ಸೈಕಲ್ಲು ಮಾತ್ರ ಮುರುಕಾಗಿಯೇ ಇರುತ್ತದೆ. ಉತ್ತರ ಕರ್ನಾಟಕದ ಎರಡು ಮೂರು ಜಿಲ್ಲೆಗಳಲ್ಲಿ ಪತ್ರಿಕೆಗಳಿಗೆ ಬಿಡಿ ಸುದ್ದಿ ಕಳಿಸಿ ಬದುಕುವ ನಾವು, ಇಂಥ ಸುದ್ದಿ ಎಷ್ಟು ಬರೆದಿದ್ದೇವೆ ಎಂದು ಒಂದು ಸಂಜೆ ಚಹಾದಂಗಡಿಯಲ್ಲಿ ಕೂತು ಎಣಿಸಿದೆವು. ಒಬ್ಬೊಬ್ಬರ ಕಟಿಂಗ್ ಫೈಲಿನಲ್ಲಿ ನಾಲ್ಕೈದಾದರೂ ಇದ್ದವು. ಡೆಸ್ಕಿನವರು ಇದನ್ನು ಖುಷಿಯಿಂದ ಹಾಕುತ್ತಾರೆ, ಜಿಲ್ಲಾ ಪುಟದ ಮೇಲ್ಭಾಗದಲ್ಲಿ, ಫೋಟೊ ಸಮೇತ. ಮರುದಿನ ಶಾಸಕರು ಸನ್ಮಾನ ಮಾಡುತ್ತಾರೆ. ಅದೂ ಒಂದು ಸುದ್ದಿ.

ಆ ಸುದ್ದಿಗಳಲ್ಲಿ ಒಂದರ ಮುಂದಿನ ಭಾಗವನ್ನೂ ನಾವೇ ಬರೆದಿದ್ದೇವೆ. ಮೂರು ಸಾಲು. ಮೌಂಟನ್ ಬೈಕ್ ಅಭ್ಯಾಸದ ವೇಳೆ ಗುಡ್ಡದ ಇಳಿಜಾರಿನಲ್ಲಿ ‘ಆಯತಪ್ಪಿ ಬಿದ್ದು’ ಕ್ರೀಡಾಪಟುವಿಗೆ ಗಾಯ, ಆಸ್ಪತ್ರೆಗೆ ದಾಖಲು, ಅಪಾಯದಿಂದ ಪಾರು. ಬಿದ್ದವಳು ಹೋದ ವರ್ಷ ನಾವು ‘ಮುರುಕು ಸೈಕಲ್ಲಿನ ಹುಡುಗಿ’ ಎಂದು ಹೊಗಳಿದ್ದವಳೇ. ಕಾಲರ್ ಬೋನ್ ಮುರಿದಿತ್ತು. ನೋಡಲು ಹೋದಾಗ ಆಕೆ ಹೇಳಿದ್ದು ಇಷ್ಟೇ: "ಬ್ರೇಕ್ ಹಿಡೀಲಿಲ್ರಿ ಸರ್. ಒಂದು ವಾರದಿಂದ ಹೇಳಾಕತ್ತಿದ್ದೆ." ಆಮೇಲೆ ಸೈಕಲ್ ನೋಡಿದೆವು. ಹಿಂದಿನ ಬ್ರೇಕಿನ ಪ್ಯಾಡಿನಲ್ಲಿ ಉಜ್ಜುವ ಪದರವೇ ಉಳಿದಿರಲಿಲ್ಲ, ತಗಡು ತಗಡಿಗೆ ಉಜ್ಜುತ್ತಿತ್ತು. ಮುಂದಿನ ಬ್ರೇಕಿನ ಲಿವರ್ ಒತ್ತಿದರೆ ಹ್ಯಾಂಡಲ್‌ಗೆ ಬಂದು ಬಡಿಯುತ್ತಿತ್ತು. ಆಯ ತಪ್ಪಿದ್ದು ಹುಡುಗಿಯದ್ದಲ್ಲ. ಆದರೆ ಅಚ್ಚಾಗಿದ್ದು ‘ಆಯತಪ್ಪಿ’ ಎಂದೇ. ತಿದ್ದುಪಡಿ ಹಾಕಿ ಎಂದು ನಾವು ಕೇಳಲೂ ಇಲ್ಲ.

ಡಿಸ್ಕ್ ಬ್ರೇಕಿನ ಒಂದು ಜೊತೆ ಪ್ಯಾಡಿಗೆ ಕೆಲವು ನೂರು ರೂಪಾಯಿ. ಪದರ ಅರ್ಧ ಮಿಲಿಮೀಟರಿಗೆ ಇಳಿಯಿತು ಎಂದರೆ ಬದಲಾಯಿಸಬೇಕು. ಬದಲಾಯಿಸಲು ಒಂದು ಅಲೆನ್ ಕೀ ಮತ್ತು ಹತ್ತು ನಿಮಿಷ ಸಾಕು. ಆ ಹುಡುಗಿ ತರಬೇತಿ ಪಡೆಯುತ್ತಿದ್ದ ಕಡೆ ಲಕ್ಷ ದಾಟುವ ಬೆಲೆಯ ಸೈಕಲ್ಲುಗಳನ್ನು ಖರೀದಿಸಿದ್ದರು. ಖರೀದಿಯ ಸುದ್ದಿಯನ್ನೂ ನಾವೇ ಮಾಡಿದ್ದೆವು, ಹಸಿರು ನಿಶಾನೆ ತೋರಿಸುವ ಫೋಟೊ ಇದೆ. ಪ್ಯಾಡಿಗೆ ದುಡ್ಡಿರಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ದುಡ್ಡು ಬರೆಯಲು ಕಾಲಮ್ಮೇ ಇರಲಿಲ್ಲ. ಖರೀದಿಗೆ ಟೆಂಡರ್ ಇದೆ, ಉದ್ಘಾಟನೆಗೆ ಶಾಮಿಯಾನದ ಬಿಲ್ಲಿದೆ, ಊಟಕ್ಕೆ ದರವಿದೆ. ಚೈನು, ಪ್ಯಾಡು, ಗ್ರೀಸು ಎಂಬುದು ಯಾವ ಲೆಕ್ಕಶೀರ್ಷಿಕೆಗೆ ಬರುತ್ತದೆ ಎಂದು ಕೇಳಿದರೆ ಗುಮಾಸ್ತರು ನಗುತ್ತಾರೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಹೇಳಿದರೆ ಅದೊಂದೇ ಕಡೆಯ ತಪ್ಪು ಎಂದು ಉಳಿದವರೆಲ್ಲ ನೆಮ್ಮದಿಯಾಗಿ ಮಲಗುತ್ತಾರೆ.

ಈ ಆಟದ ಹುಟ್ಟು ತಿಳಿದರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಕೌಂಟಿ ಇದೆ. ಅಲ್ಲಿನ ಕೆಲವು ಹುಡುಗರು 1930, 40ರ ದಶಕದ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿಕೊಂಡು ಬಂದು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಗ್ಯಾರಿ ಫಿಶರ್, ಜೋ ಬ್ರೀಝ್, ಚಾರ್ಲಿ ಕೆಲ್ಲಿ ಆ ಗುಂಪಿನವರು. 1976ರಲ್ಲಿ ಅವರು ಅದನ್ನೇ ಪಂದ್ಯ ಮಾಡಿಕೊಂಡರು. ಪಂದ್ಯದ ಹೆಸರು ‘ರೀಪ್ಯಾಕ್’. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಆ ಸೈಕಲ್ಲುಗಳದ್ದು. ಒಮ್ಮೆ ಗುಡ್ಡ ಇಳಿದರೆ ಹಿಂದಿನ ಹಬ್ಬು ಕಾದು, ಒಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕು. ಆ ತುಂಬುವ ಕೆಲಸದ ಹೆಸರೇ ದಾರಿಗೆ ಬಂತು, ದಾರಿಯಿಂದ ಪಂದ್ಯಕ್ಕೆ ಬಂತು.

ಅವೂ ಮುರುಕು ಸೈಕಲ್ಲುಗಳೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ನಮ್ಮ ಹೆಡ್ಡಿಂಗ್ ಬಿಟ್ಟುಬಿಡುವುದು ಗ್ರೀಸಿನ ಡಬ್ಬಿಯನ್ನು. ಅವರು ಒಂದು ಇಳಿತಕ್ಕೆ ಒಂದು ಸಲ ಹಬ್ ಬಿಚ್ಚುತ್ತಿದ್ದರು. ನಮ್ಮಲ್ಲಿ ಒಂದು ಟೆಂಡರಿಗೆ ಒಂದು ಸಲ ಸೈಕಲ್ ಬರುತ್ತದೆ, ಮುಂದಿನ ಟೆಂಡರಿನವರೆಗೆ ಯಾರೂ ಏನೂ ಬಿಚ್ಚುವುದಿಲ್ಲ.

ಬಿಚ್ಚಿದರೂ ಏನಾಗುತ್ತದೆ ನೋಡಿ. ಡಿಸ್ಕ್ ಬ್ರೇಕು ಕಿರುಗುಟ್ಟುತ್ತದೆ ಎಂದು ಅದರ ತಟ್ಟೆಗೆ ಎಣ್ಣೆ ಬಿಟ್ಟಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬಿಟ್ಟವರದ್ದು ತಪ್ಪೆನ್ನಲಾಗದು, ಊರಿನ ಸೈಕಲ್ ಶಾಪಿನಲ್ಲಿ ಕಿರುಗುಟ್ಟಿದ್ದಕ್ಕೆಲ್ಲ ಎಣ್ಣೆಯೇ ಔಷಧ. ಆದರೆ ಆ ತಟ್ಟೆಗೆ ಎಣ್ಣೆ ತಾಗಿದರೆ ಪ್ಯಾಡು ಅದನ್ನು ಹೀರಿಕೊಂಡು ಹಿಡಿತವನ್ನೇ ಬಿಟ್ಟುಬಿಡುತ್ತದೆ. ಹೈಡ್ರಾಲಿಕ್ ಬ್ರೇಕಿನ ಒಳಗಿನ ದ್ರವದ್ದು ಇನ್ನೊಂದು ಕತೆ. ಶಿಮಾನೋ ಬ್ರೇಕಿಗೆ ಬೇಕಾದದ್ದು ಮಿನರಲ್ ಆಯಿಲ್. ಬೇರೆ ಕೆಲವು ಬ್ರೇಕುಗಳಿಗೆ ಕಾರು, ಮೋಟರ್‌ಸೈಕಲ್ಲಿಗೆ ಹಾಕುವಂಥ ಡಾಟ್ ದ್ರವ ಬೇಕು. ಅದರದ್ದು ಇದಕ್ಕೆ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಕೆಟ್ಟು ಇಡೀ ಬ್ರೇಕೇ ಹೋಗುತ್ತದೆ. ಇದನ್ನು ಯಾರಾದರೂ ಒಮ್ಮೆ ಹೇಳಿಕೊಡಬೇಕಿತ್ತು. ಸೈಕಲ್ ಪೂರೈಸಿದವರು ಕೊಟ್ಟ ಕೈಪಿಡಿ ಬೀರುವಿನಲ್ಲಿತ್ತು, ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬಂದೇ ಇರಲಿಲ್ಲ. ಅದೂ ಇಂಗ್ಲಿಷಿನಲ್ಲಿ.

ಚೈನಿನ ವಿಷಯ ಇದಕ್ಕಿಂತ ಸುಲಭ, ಹಾಗಾಗಿಯೇ ಹೆಚ್ಚು ನಾಚಿಕೆಗೇಡು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಎಣಿಸಿ ಇಪ್ಪತ್ತನಾಲ್ಕನೇ ಪಿನ್ನಿಗೆ ಸರಿಯಾಗಿ 12 ಇಂಚು. ಸವೆದಂತೆ ಅದು ಉದ್ದವಾಗುತ್ತದೆ. ಒಂದು ಅಡಿಯ ಉಕ್ಕಿನ ಸ್ಕೇಲ್ ಹಿಡಿದು ನೋಡಿ ಒಂದೂವರೆ ಮಿಲಿಮೀಟರ್ ಹೆಚ್ಚಾಗಿದೆ ಎಂದರೆ ಚೈನು ತೆಗೆಯುವ ಹೊತ್ತಾಯಿತು. ಆಗ ತೆಗೆದರೆ ಒಂದು ಚೈನಿನ ಖರ್ಚು. ಇನ್ನಷ್ಟು ದಿನ ಎಳೆದರೆ ಆ ಉದ್ದ ಚೈನು ಹಿಂದಿನ ಗೇರ್ ಚಕ್ರಗಳ ಹಲ್ಲು ತಿಂದುಹಾಕುತ್ತದೆ, ಖರ್ಚು ಎಷ್ಟೋ ಪಟ್ಟಾಗುತ್ತದೆ. ಏರಿನಲ್ಲಿ ಎದ್ದುನಿಂತು ತುಳಿಯುವಾಗ ಚೈನು ಜಿಗಿದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುವುದು ಬೇರೆ. ಉಕ್ಕಿನ ಸ್ಕೇಲಿಗೆ ಎಷ್ಟಾಗುತ್ತದೆ ಎಂದು ಸ್ಟೇಷನರಿ ಅಂಗಡಿಯಲ್ಲಿ ಕೇಳಿ ನೋಡಿ.

ಟೈರಿನದ್ದು ನಮ್ಮ ಸೀಮೆಯದೇ ತಾಪತ್ರಯ. ಬಳ್ಳಾರಿ ಜಾಲಿ ಮತ್ತು ನೆಗ್ಗಿಲು ಮುಳ್ಳು ಇರುವ ನೆಲದಲ್ಲಿ ಟ್ಯೂಬು ಹಾಕಿ ಓಡಿಸಿದರೆ ದಿನಕ್ಕೆರಡು ಪಂಕ್ಚರ್. ಅದಕ್ಕೇ ಟ್ಯೂಬ್‌ಲೆಸ್, ಒಳಗೆ ಹಾಲಿನಂಥ ಸೀಲೆಂಟು. ಮುಳ್ಳು ಚುಚ್ಚಿದ ತೂತಿಗೆ ಅದು ತಾನೇ ಹೋಗಿ ಮೆತ್ತಿಕೊಳ್ಳುತ್ತದೆ. ಆದರೆ ಆ ಹಾಲು ಒಣಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ಕೆಲವು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. ಹಾಕಲು ಬಾಟಲಿ ಇರಲಿಲ್ಲವಾದ್ದರಿಂದ ಮಕ್ಕಳು ಮತ್ತೆ ಟ್ಯೂಬಿಗೆ ಹೋದರು. ಪಂಕ್ಚರ್ ಆಗಬಾರದೆಂದು ಕಲ್ಲಿನಂತೆ ಗಾಳಿ ತುಂಬಿದರು. 20ರಿಂದ 30 ಪಿಎಸ್‌ಐ ಇರಬೇಕಾದ ಟೈರಿಗೆ 50 ತುಂಬಿದರೆ ಅದು ನೆಲವನ್ನು ಹಿಡಿಯುವುದಿಲ್ಲ, ಗರಸಿನ ಮೇಲೆ ಪುಟಿಯುತ್ತದೆ. ಬ್ರೇಕಿಲ್ಲದ, ಪುಟಿಯುವ ಸೈಕಲ್ಲಿನಲ್ಲಿ ಗುಡ್ಡ ಇಳಿಯುವ ಹದಿನಾರರ ಹುಡುಗಿಯ ಧೈರ್ಯದ ಬಗ್ಗೆ ನಾವು ಭಾವುಕರಾಗಿ ಬರೆದಿದ್ದೆವು.

ಇನ್ನು ಗುಡ್ಡಕ್ಕೆ ಬರೋಣ, ಏಕೆಂದರೆ ದಾರಿಯದ್ದೂ ಇದೇ ರೋಗ.

2021ರ ಫೆಬ್ರುವರಿಯಲ್ಲಿ ಗದಗಿನಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು. ಬಾಗಲಕೋಟೆ, ವಿಜಯಪುರದ ಮಕ್ಕಳು ಮೊದಲಿನಿಂದಲೂ ರಸ್ತೆ ಮತ್ತು ಟ್ರ್ಯಾಕ್ ಸೈಕ್ಲಿಂಗಿನಲ್ಲಿ ಹೆಸರಾದವರು. ಗದಗಿನ ನಂತರ ಸುತ್ತಲ ಊರುಗಳಲ್ಲಿ ಗುಡ್ಡದ ಸೈಕಲ್ಲಿನ ಹುಕಿಯೂ ಹತ್ತಿತು. ನಾವು ಹೇಳುತ್ತಿರುವುದು ಗದಗಿನ ಆ ದಾರಿಯ ಬಗ್ಗೆ ಅಲ್ಲ, ಆಮೇಲೆ ಬೇರೊಂದು ಊರಿನ ಗುಡ್ಡದಲ್ಲಿ ಸ್ಥಳೀಯ ಸ್ಪರ್ಧೆಗೆಂದು ಮಾಡಿದ ದಾರಿಯ ಬಗ್ಗೆ. ಜೆಸಿಬಿ ತಂದರು. ಗುಡ್ಡದ ನೆತ್ತಿಯಿಂದ ಬುಡಕ್ಕೆ ನೆಟ್ಟಗೆ, ಬೈತಲೆ ತೆಗೆದಂತೆ ಗೀರಿದರು. ಡ್ರೋನಿನಲ್ಲಿ ಚೆನ್ನಾಗಿ ಕಾಣುತ್ತಿತ್ತು, ನಾವೂ ಆ ಫೋಟೊ ಬಳಸಿದೆವು. ಸ್ಪರ್ಧೆ ಒಂದೂವರೆ ದಿನ ನಡೆಯಿತು. ಎರಡು ಮುಂಗಾರು ಕಳೆದ ಮೇಲೆ ಹೋಗಿ ನೋಡಿದರೆ ದಾರಿ ಇದ್ದಲ್ಲಿ ಮೊಣಕಾಲುದ್ದದ ಕೊರಕಲು. ಗರಸೆಲ್ಲ ಕೊಚ್ಚಿಹೋಗಿ ಕೆಳಗಿನ ಹೊಲವೊಂದರ ಶೇಂಗಾದ ಮೇಲೆ ಕೂತಿತ್ತು. ಹೊಲದ ಯಜಮಾನರು ನಮ್ಮನ್ನು ಸಂಘಟಕರೆಂದು ತಿಳಿದು ಬೈದರು. "ಏನ್ರಿ, ನೀರು ಎಲ್ಲಿಂದ ಎಲ್ಲಿಗೆ ಹೋಕ್ಕೈತಿ ಅನ್ನೂದು ಸಣ್ಣ ಹುಡುಗರಿಗೂ ಗೊತ್ತೈತಿ. ನಿಮಗೆ ಗೊತ್ತಿಲ್ಲೇನು?" ನಾವು ಸಂಘಟಕರಲ್ಲ ಎಂದು ಹೇಳಬಹುದಿತ್ತು. ಡ್ರೋನ್ ಫೋಟೊ ನೆನಪಾಗಿ ಸುಮ್ಮನೆ ಬೈಸಿಕೊಂಡೆವು.

ಅವರು ಹೇಳಿದ್ದೇ ಟ್ರೇಲ್ ಕಟ್ಟುವ ವಿದ್ಯೆಯ ಮೊದಲ ಪಾಠ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಎಂಬ ಸಂಘಟನೆ ಹುಟ್ಟಿತು. ಸೈಕಲ್ಲಿನವರು ದಾರಿ ಹಾಳುಮಾಡುತ್ತಾರೆ ಎಂದು ಒಂದೊಂದೇ ಗುಡ್ಡದಿಂದ ಅವರನ್ನು ಹೊರಗೆ ಹಾಕುತ್ತಿದ್ದ ಕಾಲ ಅದು. ಪ್ರತಿಭಟನೆಯ ಜೊತೆಗೇ ಅವರು ದಾರಿ ರಿಪೇರಿ ಕಲಿತರು, ಕಲಿಸಿದರು. ಅವರ ಒಂದು ನಿಯಮ ಸರಳವಾಗಿದೆ: ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡ ನೂರು ಅಡಿಗೆ ಇಪ್ಪತ್ತು ಅಡಿ ಇಳಿಯುತ್ತಿದ್ದರೆ ದಾರಿ ನೂರಕ್ಕೆ ಹತ್ತು ಅಡಿಗಿಂತ ಹೆಚ್ಚು ಇಳಿಯಕೂಡದು. ಮೀರಿದರೆ ನೀರು ಅಡ್ಡ ದಾಟುವುದನ್ನು ಬಿಟ್ಟು ದಾರಿಯನ್ನೇ ಹಳ್ಳ ಮಾಡಿಕೊಳ್ಳುತ್ತದೆ. ದಾರಿಯ ಹೊರ ಅಂಚು ತುಸು ತಗ್ಗಿರಬೇಕು, ಒಟ್ಟು ಇಳಿತದ ನಡುನಡುವೆ ಸಣ್ಣ ಏರು ಕೊಡಬೇಕು. ಆ ಏರಿನ ಬುಡಕ್ಕೆ ಬಂದ ನೀರು ಪಕ್ಕಕ್ಕೆ ಹೊರಳಿ ಹೋಗುತ್ತದೆ. ಇಷ್ಟೇ.

ಈ ಪಾಠ ಓದುವಾಗ ನಮಗೆ ನಗು ಬಂತು. ಹೊಲದ ಒಡ್ಡು, ಬದು, ಇಳುಕಲಿಗೆ ಅಡ್ಡ ಹೂಡುವುದು, ಕುರಿಗಾರರ ಕಾಲುದಾರಿ, ಎಲ್ಲ ಇದೇ ಅಲ್ಲವೇ? ಅದೇ ಗುಡ್ಡದಲ್ಲಿ, ಜೆಸಿಬಿ ಗೀರಿದ ಕೊರಕಲಿನಿಂದ ಇನ್ನೂರು ಹೆಜ್ಜೆ ಆಚೆ, ಕುರಿಗಳು ಮೇಯಲು ಹೋಗುವ ದಾರಿ ಗುಡ್ಡವನ್ನು ಬಳಸಿಕೊಂಡು ನಿಧಾನ ಏರುತ್ತದೆ. ಎಷ್ಟು ವರ್ಷದ್ದೋ. ಒಂದು ಗೇಣೂ ಕುಸಿದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಕಂದಕ, ಬದು ತೋಡಿದ ಹೆಣ್ಣುಮಕ್ಕಳು ಗುಡ್ಡದ ಬುಡದ ಊರಿನಲ್ಲೇ ಇದ್ದಾರೆ. ನೀರು ಎಲ್ಲಿ ತಿರುಗಬೇಕು ಎಂದು ಮಟ್ಟ ನೋಡಿ ಹೇಳಬಲ್ಲವರು ಅವರು. ದಾರಿ ಮಾಡುವ ಮೊದಲು ಅವರಲ್ಲಿ ಒಬ್ಬರನ್ನಾದರೂ ಕರೆದು ಗುಡ್ಡ ತೋರಿಸಿ ಎಂದು ಯಾರಿಗೂ ಅನ್ನಿಸಲಿಲ್ಲ. ಉದ್ಘಾಟನೆಗೆ ಕುಂಭ ಹೊರಲು ಮಾತ್ರ ಕರೆದಿದ್ದರು.

ಸಂಘಟಕರನ್ನಷ್ಟೇ ಬೈದರೆ ಅನ್ಯಾಯ. ಪೇಟೆಯಿಂದ ವಾರಾಂತ್ಯಕ್ಕೆ ದುಬಾರಿ ಸೈಕಲ್ ಹೇರಿಕೊಂಡು ಬರುವ ಗೆಳೆಯರೂ ಇದ್ದಾರೆ. ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ, ಮೊಣಕಾಲಿಗೆ ಕವಚ, ಎಲ್ಲ ಸರಿ. ಮಳೆ ಬಿದ್ದ ಮರುದಿನವೇ ಗುಡ್ಡಕ್ಕೆ ಬರುತ್ತಾರೆ, ಏಕೆಂದರೆ ರಜೆ ಅಂದೇ ಇದೆ. ಹಸಿ ನೆಲದಲ್ಲಿ ಹಿಂದಿನ ಚಕ್ರ ಲಾಕ್ ಮಾಡಿ ಎಳೆದ ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಕೆಸರು ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ಹಾಯುತ್ತಾರೆ, ಮೂರಡಿ ದಾರಿ ಹತ್ತಡಿಯಾಗುತ್ತದೆ. ಎರೆಮಣ್ಣಿನವರಾದ ನಮಗೆ ಹಸಿ ನೆಲಕ್ಕೆ ಗಾಲಿ ಇಳಿಸಬಾರದು ಎಂದು ಯಾರೂ ಕಲಿಸಬೇಕಿಲ್ಲ, ನಾಲ್ಕು ಮಾರು ಹೋಗುವುದರಲ್ಲಿ ಟೈರಿಗೆ ಮಣ್ಣು ಮೆತ್ತಿ ಸೈಕಲ್ಲನ್ನು ಹೊತ್ತುಕೊಂಡು ಬರಬೇಕಾಗುತ್ತದೆ. ಮಸಾರಿ ಗುಡ್ಡದಲ್ಲಿ ಹಾಗೆ ತಡೆಯುವುದಿಲ್ಲ, ಆದ್ದರಿಂದ ಹಾಳಾಗುತ್ತಿದೆ ಎಂದು ತಿಳಿಯುವುದೂ ಇಲ್ಲ. ಮನೆಗೆ ಹೋಗಿ ಸರ್ವಿಸ್ ಸ್ಟೇಷನ್ನಿನ ರಭಸದ ನೀರಿನಲ್ಲಿ ಸೈಕಲ್ ತೊಳೆಸುತ್ತಾರೆ. ಆ ನೀರು ಬೇರಿಂಗಿನ ಒಳಗಿನ ಗ್ರೀಸನ್ನೇ ತೊಳೆದುಬಿಡುತ್ತದೆ ಎಂಬುದು ಅವರ ಪಾಡು, ನಮಗೆ ಅದರಲ್ಲಿ ದುಃಖವಿಲ್ಲ.

ಮತ್ತೆ, ಎಲ್ಲ ಗುಡ್ಡವೂ ಸೈಕಲ್ಲಿಗಾಗಿ ಇಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ತೋಳ ಇವೆ, ಕತ್ತೆಕಿರುಬ ಇವೆ, ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಬೇಕಾದದ್ದೇ ಸರಿ. ದಾರಿ ಕಾಪಾಡುವುದು ಎಂದರೆ ಕೆಲವು ಕಡೆ ಹೋಗದೇ ಇರುವುದೂ ಸೇರುತ್ತದೆ.

ಈ ಲೇಖನದ ಕರಡು ನೋಡಿದ ಹಿರಿಯ ವರದಿಗಾರರೊಬ್ಬರು ಎರಡು ಮಾತು ಹೇಳಿದರು. ಮೊದಲನೆಯದು, ಕುಡಿಯುವ ನೀರಿಲ್ಲದ ಊರಲ್ಲಿ ಗುಡ್ಡದ ಸೈಕಲ್ಲಿನ ಚಿಂತೆ ಶೋಕಿಯಲ್ಲವೇನ್ರಪ್ಪಾ ಎಂದು. ಶೋಕಿ ಎನ್ನುವುದಾದರೆ ಸೈಕಲ್ ಖರೀದಿಸುವಾಗಲೇ ಅನ್ನಬೇಕಿತ್ತು. ಆಗ ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಪ್ಯಾಡು ಕೇಳಿದಾಗ ಮಾತ್ರ ಜಿಲ್ಲೆಯ ಬಡತನ ನೆನಪಾಗುವುದು ಹೇಗೆ? ಅದೂ ಅಲ್ಲದೆ ಕುಡಿಯುವ ನೀರಿನ ಕತೆಯೂ ಇದೇ. ಶುದ್ಧ ಕುಡಿಯುವ ನೀರಿನ ಘಟಕದ ಉದ್ಘಾಟನೆಯ ಸುದ್ದಿ ಮಾಡದ ಸ್ಟ್ರಿಂಗರ್ ನಮ್ಮಲ್ಲಿ ಯಾರಿದ್ದಾರೆ? ಫಿಲ್ಟರ್ ಬದಲಾಯಿಸಿದ ಸುದ್ದಿ ಮಾಡಿದವರು ಯಾರಿದ್ದಾರೆ?

ಎರಡನೆಯ ಮಾತು ಹೆಚ್ಚು ಚುಚ್ಚಿತು. "ನಮ್ಮ ಹುಡುಗರು ಗಟ್ಟಿ ಅದಾರ, ಯಾವ ಸೈಕಲ್ ಕೊಟ್ರೂ ಗೆಲ್ತಾರ." ಹೊಗಳಿಕೆಯಂತೆ ಕೇಳುತ್ತದೆ. ಇದನ್ನು ನಂಬಿಸಿದವರು ನಾವೇ. 2006-07ರಲ್ಲಿ ಸರ್ಕಾರ ಪ್ರೌಢಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ನಮ್ಮಲ್ಲಿ ಕೆಲವರು ಇನ್ನೂ ವಿದ್ಯಾರ್ಥಿಗಳು, ಒಬ್ಬರಂತೂ ಅದೇ ಸೈಕಲ್ಲಿನಲ್ಲಿ ಶಾಲೆಗೆ ಹೋದವರು. ಒಳ್ಳೆಯ ಯೋಜನೆ ಅದು, ಹೆಣ್ಣುಮಕ್ಕಳು ಹೈಸ್ಕೂಲು ಬಿಡದೆ ಉಳಿದಿದ್ದನ್ನು ನಾವೇ ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಆದರೆ ಸೈಕಲ್ಲಿನ ಜೊತೆಗೆ ಒಂದು ಪಾನಾ, ಒಂದು ಪಂಪು, ಪಂಕ್ಚರ್ ಹಚ್ಚಲು ಕಲಿಸುವ ಒಂದು ಮಧ್ಯಾಹ್ನ, ಇಷ್ಟು ಕೊಡಿ ಎಂದು ಯಾವ ಪತ್ರಿಕೆಯೂ ಸಂಪಾದಕೀಯ ಬರೆದದ್ದು ನಮಗೆ ನೆನಪಿಲ್ಲ. ಹಿತ್ತಲಲ್ಲಿ ಕುಂಬಳಬಳ್ಳಿ ಹಬ್ಬಿಸಿಕೊಂಡು ನಿಂತ ಸೈಕಲ್ಲುಗಳನ್ನು ಮುಂದೆ ವರದಿಗೆ ಹೋದಾಗೆಲ್ಲ ನೋಡಿದೆವು. ಮಕ್ಕಳಿಗೆ ಜವಾಬ್ದಾರಿ ಇಲ್ಲ ಎಂದು ಬರೆದೆವು.

ನಮ್ಮ ಕಸುಬಿನ ಲೆಕ್ಕವೂ ಇದಕ್ಕೆ ಸೇರಿದೆ, ಮುಚ್ಚಿಡುವುದೇನು. ನಮಗೆ ಸಂಬಳವಿಲ್ಲ. ಪ್ರಕಟವಾದ ಸುದ್ದಿಗಿಷ್ಟು, ಫೋಟೊಗಿಷ್ಟು. ಖರೀದಿ, ಉದ್ಘಾಟನೆ, ಪದಕ, ಸನ್ಮಾನ, ಅಪಘಾತ, ಇವು ಐದೂ ಪ್ರಕಟವಾಗುತ್ತವೆ. ಬ್ರೇಕ್ ಪ್ಯಾಡು ಸವೆಯುವುದು ಪ್ರಕಟವಾಗುವುದಿಲ್ಲ, ಅದು ದಿನಾ ಆಗುವಂಥದ್ದು. ದಿನಾ ಆಗುವುದು ಸುದ್ದಿಯಲ್ಲ ಎಂದು ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದಾರೆ. ಹಾಗಾಗಿ ಹುಡುಗಿ ಬೀಳುವವರೆಗೆ ಕಾಯಬೇಕಾಯಿತು. ಬಿದ್ದ ಮೇಲೂ ಕಾರಣ ಬರೆಯುವಷ್ಟು ಜಾಗ ಸಿಗಲಿಲ್ಲ, ನಾವೂ ಜಗಳ ಮಾಡಲಿಲ್ಲ.

ಕೇಳಬೇಕಾದ್ದು ದೊಡ್ಡದೇನಿಲ್ಲ. ಸೈಕಲ್ ಖರೀದಿಯ ಸುದ್ದಿ ಬರೆಯುವಾಗ ಬಿಡಿಭಾಗಕ್ಕೆ ಎಷ್ಟಿಟ್ಟಿದ್ದೀರಿ ಎಂಬ ಒಂದು ಪ್ರಶ್ನೆ. ಮೆಕ್ಯಾನಿಕ್ ಯಾರು, ಅವರಿಗೆ ಸಂಬಳ ಯಾರು ಕೊಡುತ್ತಾರೆ ಎಂಬ ಇನ್ನೊಂದು. ಈ ಆಟದ ಅಂತರರಾಷ್ಟ್ರೀಯ ನಿಯಮದಲ್ಲಿ, ಸ್ಪರ್ಧೆ ನಡೆಯುತ್ತಿರುವಾಗಲೇ ಚಕ್ರ, ಬಿಡಿಭಾಗ ಕೊಡಲು ದಾರಿಯಲ್ಲಿ ನಿಗದಿತ ಜಾಗ ಗುರುತು ಮಾಡಿರುತ್ತಾರೆ. ರಿಪೇರಿಗೆ ಸ್ಪರ್ಧೆಯ ಒಳಗೇ ಸ್ಥಾನ ಕೊಟ್ಟಿರುವ ಆಟಕ್ಕೆ ನಾವು ತರಬೇತಿಯ ಕಟ್ಟಡದಲ್ಲಿ ಒಂದು ಕೋಣೆ ಕೊಟ್ಟಿಲ್ಲ. ಟ್ರೇಲ್ ಉದ್ಘಾಟನೆಗೆ ಕರೆದರೆ ಹೋಗೋಣ. ಹೋಗಿ, ಮುಂಗಾರು ಮುಗಿದ ಮೇಲೆ ಇದನ್ನು ಯಾರು ಬಂದು ನೋಡುತ್ತಾರೆ ಎಂದು ವೇದಿಕೆಯ ಮೇಲಿರುವವರ ಹೆಸರು ಹಿಡಿದು ಕೇಳೋಣ, ಉತ್ತರ ಬಾರದಿದ್ದರೆ ಬಾರಲಿಲ್ಲ ಎಂದೇ ಬರೆಯೋಣ.

ಹುಡುಗಿ ಈಗ ಮತ್ತೆ ಸೈಕಲ್ ಹತ್ತಿದ್ದಾಳೆ. ಅವಳ ಬ್ರೇಕಿಗೆ ಪ್ಯಾಡು ಹಾಕಿಕೊಟ್ಟವರು ಬಸ್‌ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪಿನ ಕಾಕಾ. ನಲವತ್ತು ವರ್ಷದಿಂದ ಸಾದಾ ಸೈಕಲ್ಲು ರಿಪೇರಿ ಮಾಡುವವರು, ಡಿಸ್ಕ್ ಬ್ರೇಕ್ ಮೊದಲ ಸಲ ಮುಟ್ಟಿದ್ದು. ನಾವು ಕೈಪಿಡಿಯನ್ನು ಪ್ಲಾಸ್ಟಿಕ್ಕಿನಿಂದ ತೆಗೆದು ಕನ್ನಡದಲ್ಲಿ ಓದಿ ಹೇಳಿದೆವು, ಅವರು ಮಾಡಿದರು. ಕೈ ಒರೆಸಿಕೊಳ್ಳುತ್ತ "ಇದರಾಗ ಏನೈತ್ರಿ, ಕ್ಲಚ್ ಪ್ಲೇಟ್ ಇದ್ದಂಗ ಐತಿ" ಅಂದರು. ಈಗ ತಿಂಗಳಿಗೊಮ್ಮೆ ಮಕ್ಕಳು ಅವರಲ್ಲಿಗೆ ಚೈನು ಅಳೆಯಲು ಹೋಗುತ್ತಾರೆ. ಸ್ಕೇಲು ನಾವು ಕೊಡಿಸಿದ್ದು.

ಹೋದ ಭಾನುವಾರ ಅದೇ ಗುಡ್ಡದಲ್ಲಿ, ಬೈದ ಯಜಮಾನರು, ಬುಡದ ಊರಿನ ಇಬ್ಬರು ಹೆಣ್ಣುಮಕ್ಕಳು, ಎಂಟು ಮಂದಿ ಸೈಕಲ್ಲಿನ ಮಕ್ಕಳು ಮತ್ತು ನಾವು ಸೇರಿ ಕೊರಕಲಿಗೆ ನಾಲ್ಕು ಕಡೆ ಕಲ್ಲಿನ ಅಡ್ಡ ಒಡ್ಡು ಕಟ್ಟಿದೆವು. ಇಳಿಯುವ ದಾರಿಯನ್ನು ಕುರಿದಾರಿಯ ಕಡೆ ತಿರುಗಿಸಿದೆವು. ಎಲ್ಲಿ ಅಗೆಯಬೇಕು ಎಂದು ಹೇಳಿದ್ದು ಆ ಇಬ್ಬರೇ. ನಾವು ಬುಟ್ಟಿ ಹೊತ್ತೆವು. ಸಂಜೆ ಫೋಟೊ ಸಮೇತ ಸುದ್ದಿ ಕಳಿಸಿದೆವು. ಡೆಸ್ಕಿನಿಂದ ಫೋನ್ ಬಂತು: ಉದ್ಘಾಟಿಸಿದವರ ಹೆಸರು ಬಿಟ್ಟುಹೋಗಿದೆ, ಕಳಿಸಿ ಎಂದು. ಉದ್ಘಾಟನೆ ಆಗಿಲ್ಲ, ರಿಪೇರಿ ಅಷ್ಟೇ ಎಂದೆವು. ಸುದ್ದಿ ಬರಲಿಲ್ಲ. ಮುಂದಿನ ಮಳೆ ಬಿದ್ದ ಮೇಲೆ ಒಡ್ಡು ನಿಂತಿದೆಯೋ ಇಲ್ಲವೋ ನೋಡಲು ಮತ್ತೆ ಹೋಗಬೇಕು. ಸದ್ಯಕ್ಕೆ ಸಲಿಕೆ ಮೂರೇ ಇವೆ.